ಹಳೇ ದಂತ, ಹೊಸ ಹುಲಿ: ಕೊಳ್ಳಬಹುದೇ?

ಪ್ರಶ್ನೆ: ನಾನು ಬಸವನಗುಡಿಯವಳು. ಸಾಫ್ಟ್‌ವೇರ್ ಕೆಲಸ. ರಜೆ ಸಿಕ್ಕರೆ ಕಬಿನಿ, ಬಂಡೀಪುರ. ಪ್ರಾಣಿಗಳ ಚಿತ್ರ ಸಂಗ್ರಹಿಸುವ ಹುಚ್ಚು ಮೊದಲಿಂದಲೂ ಇದೆ. ಈಚೆಗೆ ಸ್ಕ್ರಿಮ್ಶಾ ಕಲೆ ಕಣ್ಣಿಗೆ ಬಿತ್ತು. ದಂತದ ಮೇಲೆ ಸೂಜಿಯಲ್ಲಿ ಗೀರಿ, ಗೀರಿನೊಳಗೆ ಶಾಯಿ ತುಂಬುವ ಕೆಲಸ. ಅಮೆರಿಕದ ಒಬ್ಬ ಕಲಾವಿದರು ಹಳೇ ಪಿಯಾನೋ ಕೀಗಳ ದಂತದ ಮೇಲೆ ಹುಲಿಯ ಮುಖ ಬಿಡಿಸಿದ್ದಾರೆ. ಮೀಸೆಯ ಒಂದೊಂದು ಕೂದಲೂ ಕಾಣುತ್ತದೆ. ‘ಇದು ನೂರು ವರ್ಷ ದಾಟಿದ ಆಂಟಿಕ್ ದಂತ, ಕಾನೂನಿನ ತೊಂದರೆ ಇಲ್ಲ’ ಎನ್ನುತ್ತಾರೆ ಮಾರುವವರು. ತಿಂಗಳ ಕೊನೆಯವರೆಗೆ ನನಗಾಗಿ ಎತ್ತಿಟ್ಟಿರುತ್ತಾರಂತೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಬಾವ ದೀಪಾವಳಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುತ್ತೇನೆ ಎಂದಿದ್ದಾರೆ. ತರಿಸಬಹುದಾ? ಆನೆ ದಂತ ಬೇಡವಾದರೆ ಹಿಂದೆಂದೋ ಅಳಿದ ಆನೆಯಂಥ ಪ್ರಾಣಿ ಮ್ಯಾಮತ್‌ನ ದಂತ ಆಗಬಹುದಾ? ಇನ್ನೊಂದು ವಿಷಯ. ಹೋದ ವರ್ಷ ತೀರಿಕೊಂಡ ದೊಡ್ಡಪ್ಪನ ಬೀರುವಿನಲ್ಲಿ ಗೇಣುದ್ದದ ದಂತದ ತುದಿಯೊಂದು ಸಿಕ್ಕಿದೆ. ಅವರಿಗೆ ಮಕ್ಕಳಿಲ್ಲ, ಮನೆ ಸಾಮಾನೆಲ್ಲ ನನಗೇ ಬಂದಿದೆ. ಆ ದಂತದ ಮೇಲೆ ಇಲ್ಲಿಯವರಿಂದಲೇ ಆನೆಯ ಚಿತ್ರ ಬಿಡಿಸಿದರೆ ದೊಡ್ಡಪ್ಪನ ನೆನಪೂ ಉಳಿಯುತ್ತದೆ, ಅಲ್ವಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇವೆ. ಮೂರಕ್ಕೂ ಉತ್ತರ ಒಂದೇ: ಬೇಡ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಅದು ಗೊತ್ತಿಲ್ಲದಿದ್ದರೆ ನಾಳೆ ಇನ್ನೊಬ್ಬ ಮಾರಾಟಗಾರ ಇನ್ನೊಂದು ಸಬೂಬು ಹೇಳಿದಾಗ ನೀವು ನಂಬುತ್ತೀರಿ. ಒಂದು ಮಾತು ಮೊದಲೇ ಹೇಳುತ್ತೇನೆ. ನಾನು ವಕೀಲನಲ್ಲ. ಹಳೇ ವಸ್ತುಗಳನ್ನು ಗುರುತಿಸುವುದು, ದುರಸ್ತಿ ಮಾಡುವುದು ನನ್ನ ಕಸುಬು. ಈ ಕಸುಬಿನಲ್ಲಿ ಇರುವವರಿಗೆ ದಂತದ ಕಾನೂನು ಕಲಿಯದೆ ವಿಧಿಯಿಲ್ಲ.

ಮೊದಲು ಆ ಹುಲಿಯ ವಿಷಯ. ಸ್ಕ್ರಿಮ್ಶಾ ಹುಟ್ಟಿದ್ದು 19ನೇ ಶತಮಾನದ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ. ವರ್ಷಗಟ್ಟಲೆ ಸಮುದ್ರದ ಮೇಲೆ ಇರುತ್ತಿದ್ದ ನಾವಿಕರು ಬೇಸರ ಕಳೆಯಲು ಸ್ಪರ್ಮ್ ತಿಮಿಂಗಿಲದ ಹಲ್ಲಿನ ಮೇಲೆ ಹಾಯಿ ಹೊಲಿಯುವ ಸೂಜಿಯಿಂದ ಗೀರಿ, ದೀಪದ ಕಾಡಿಗೆ ಉಜ್ಜುತ್ತಿದ್ದರು. ನಾಂಟುಕೆಟ್‌ನ ‘ಸೂಸನ್’ ಹಡಗಿನಲ್ಲಿ ಫ್ರೆಡರಿಕ್ ಮೈರಿಕ್ ಎಂಬ ನಾವಿಕ 1828-29ರ ಹೊತ್ತಿಗೆ ಗೀರಿದ ಹಲ್ಲುಗಳಿಗೆ ಇವತ್ತೂ ದೊಡ್ಡ ಹೆಸರಿದೆ. ಅಮೆರಿಕದ ಅಧ್ಯಕ್ಷ ಕೆನಡಿಯವರಿಗೂ ಇದರ ಹುಚ್ಚಿತ್ತು. ಅಂದರೆ ನಿಮ್ಮ ಆಸೆಗೆ ಒಳ್ಳೇ ಜೊತೆಯೇ ಇದೆ. ಆದರೆ ಆ ಹಲ್ಲುಗಳಲ್ಲಿ ಚಿತ್ರವೂ ಹಳತು, ಹಲ್ಲೂ ಹಳತು. ನಿಮಗೆ ಬೇಕಾದ ವಸ್ತುವಿನಲ್ಲಿ ದಂತ ಹಳತು, ಹುಲಿ ಹೊಸದು. ಅಜ್ಜಿಯ ಮೈಸೂರು ರೇಷ್ಮೆ ಸೀರೆಗೆ ಹೋದ ವಾರ ಕಸೂತಿ ಹಾಕಿಸಿದರೆ ಸೀರೆ ಅಜ್ಜಿಯದೇ, ಕಸೂತಿ ಮಾತ್ರ ಹೋದ ವಾರದ್ದು. ಕಾನೂನು ಈ ಎರಡನ್ನೂ ಬಿಡಿಸಿ ನೋಡುತ್ತದೆ.

ಯುರೋಪಿನ ನಿಯಮವನ್ನೇ ತೆಗೆದುಕೊಳ್ಳಿ. 1947ಕ್ಕಿಂತ ಮೊದಲೇ ಕೆತ್ತಿ ಮುಗಿದ ವಸ್ತುವಿಗೆ ಅಲ್ಲಿ ಒಂದಿಷ್ಟು ರಿಯಾಯಿತಿ ಇದೆ. ಆಮೇಲೆ ಅದರ ಮೇಲೆ ಹೊಸದಾಗಿ ಕೆತ್ತಿದರೆ ರಿಯಾಯಿತಿಯ ಆಧಾರವೇ ಹೋಗುತ್ತದೆ. ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ವಿನಾಯಿತಿಗಳು ಬೆರಳೆಣಿಕೆಯಷ್ಟು. ಹೊಸ ಹುಲಿ ಬಿಡಿಸಿದ ಪಿಯಾನೋ ಕೀ ಅವುಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಅಮೆರಿಕದಲ್ಲಿ 2016ರ ಜುಲೈಯಿಂದ ಆಫ್ರಿಕಾ ಆನೆ ದಂತದ ವ್ಯಾಪಾರಕ್ಕೆ ಹೆಚ್ಚುಕಡಿಮೆ ಪೂರ್ತಿ ತಡೆ ಬಿದ್ದಿದೆ. ಆಂಟಿಕ್ ಎನ್ನಿಸಿಕೊಳ್ಳಲು ನೂರು ವರ್ಷ ತುಂಬಿದ್ದರಷ್ಟೇ ಸಾಲದು, ಇನ್ನೂ ಷರತ್ತುಗಳಿವೆ. ಅವನ್ನು ಸಾಬೀತು ಮಾಡುವ ಹೊಣೆ ಆಂಟಿಕ್ ಎಂದು ಹೇಳಿಕೊಳ್ಳುವವರದ್ದೇ. ಇನ್ನು ನಿಮ್ಮ ಬಾವನ ಊರು! ನ್ಯೂಜೆರ್ಸಿ 2014ರಲ್ಲೇ ದಂತ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸಿತು. ಅದರಲ್ಲಿ ಮ್ಯಾಮತ್, ತಿಮಿಂಗಿಲ, ವಾಲ್ರಸ್ ಎಲ್ಲ ಸೇರಿವೆ. ಪಾಪ, ಬಾವನಿಗೆ ಇದು ಗೊತ್ತಿರಲಾರದು. ದಯವಿಟ್ಟು ತಿಳಿಸಿ.

ಮಾರುವವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅವರ ರಾಜ್ಯದೊಳಗೆ ಅವರು ಮಾರುವುದಕ್ಕೆ ಅಡ್ಡಿ ಇಲ್ಲದೆಯೂ ಇರಬಹುದು. ಆದರೆ ಅವರ ‘ತೊಂದರೆ ಇಲ್ಲ’ ಎಂಬ ಮಾತು ಅವರ ಗಡಿಯವರೆಗೆ ಮಾತ್ರ. ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಆ ಮಾತಿಗೆ ಬೆಲೆ ಇಲ್ಲ.

ಇಲ್ಲಿನ ಕಾನೂನು ಹೀಗಿದೆ. ನಮ್ಮದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ನಮ್ಮ ಆನೆ ಅದರ ಒಂದನೇ ಪಟ್ಟಿಯಲ್ಲಿದೆ, ಅಂದರೆ ಅತಿ ಬಿಗಿ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. 1986ರ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರ ನಿಲ್ಲಿಸಿತು. ಆಗ ವ್ಯಾಪಾರಿಗಳು ಆಫ್ರಿಕಾದಿಂದ ತಂದ ದಂತ ಎಂದು ಹೇಳಿ ಮುಂದುವರಿದರು. 1991ರ ತಿದ್ದುಪಡಿ ಆ ಬಾಗಿಲನ್ನೂ ಹಾಕಿತು. ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಈಗ ಒಂದನೇ ಪಟ್ಟಿಯ ಪ್ರಾಣಿಯ ವಸ್ತುಗಳ ಪ್ರಕರಣದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ ಕನಿಷ್ಠ 25,000 ರೂಪಾಯಿ. ‘ಕನಿಷ್ಠ’ ಎಂಬುದನ್ನು ಗಮನಿಸಿ. ಸುಮ್ನೆ ದಂಡ ಕಟ್ಟಿ ಬರೋಣ ಅನ್ನುವ ಕೇಸಲ್ಲ ಇದು.

‘ನೂರು ವರ್ಷ ಆದರೆ ಪರವಾಗಿಲ್ಲ’ ಎಂಬ ನಂಬಿಕೆ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಹಳೇ ಸಾಮಾನಿನ ಅಂಗಡಿಗಳಲ್ಲೂ ನನಗೆ ಕೇಳಿಬರುತ್ತದೆ. ಇದು ಎಲ್ಲಿಂದ ಬಂತು ಎಂದರೆ, ಅದೇ 1972ರಲ್ಲಿ ಪುರಾತನ ವಸ್ತುಗಳ ಕಾಯ್ದೆಯೂ ಬಂತು. ನೂರು ವರ್ಷದ ಲೆಕ್ಕ ಇರುವುದು ಅದರಲ್ಲಿ. ಅದು ಹಳೇ ವಿಗ್ರಹ, ಚಿತ್ರಗಳು ದೇಶ ಬಿಟ್ಟು ಹೋಗದಂತೆ ತಡೆಯುವ ಕಾಯ್ದೆ. ವನ್ಯಜೀವಿ ಕಾಯ್ದೆಯಿಂದ ಯಾರಿಗೂ ಬಿಡುಗಡೆ ಕೊಡುವುದಿಲ್ಲ. ನಿಜ ಹೇಳಬೇಕೆಂದರೆ ನೂರು ವರ್ಷ ದಾಟಿದ ದಂತದ ವಸ್ತುವಿಗೆ ಎರಡೂ ಕಾಯ್ದೆ ಅಂಟಿಕೊಳ್ಳುತ್ತವೆ, ತೊಂದರೆ ಡಬಲ್ ಆಗುತ್ತದೆ. ‘ಆನೆ ತಾನಾಗಿ ಸತ್ತಿತ್ತು’ ಎನ್ನುವುದೂ ಇಂಥದ್ದೇ ಮಾತು. ಕಾಡಿನಲ್ಲಿ ತಾನಾಗಿ ಸತ್ತ ಆನೆಯ ದಂತವೂ ಸರ್ಕಾರದ ಸ್ವತ್ತು. ‘ಮಾರಾಟ ಅಲ್ಲ, ಗಿಫ್ಟ್’ ಎಂದರೂ ನಡೆಯುವುದಿಲ್ಲ. ಒಂದನೇ ಪಟ್ಟಿಯ ಪ್ರಾಣಿಯ ವಸ್ತು, ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಇಲ್ಲದವರ ಕೈಗೆ ಹೊಸದಾಗಿ ಬರಲು ಕಾಯ್ದೆ ಬಿಟ್ಟಿರುವ ದಾರಿ ಪಿತ್ರಾರ್ಜಿತ ಮಾತ್ರ.

ಇಷ್ಟು ಬಿಗಿ ಯಾಕೆ ಎಂದು ನಿಮ್ಮಂಥವರು ಕೇಳುವುದು ನ್ಯಾಯವೇ. ಆ ಪಿಯಾನೋದ ಆನೆ ಸತ್ತು ಕಾಲವಾಯಿತು, ಈಗ ಯಾರಿಗೆ ನಷ್ಟ? ನನ್ನ ಕಸುಬಿನ ಕಡೆಯಿಂದ ಹೇಳುತ್ತೇನೆ. ಹೊಸ ದಂತವನ್ನು ಹಳತು ಮಾಡುವುದು ಬಹಳ ಸುಲಭ. ಚಹಾ ಡಿಕಾಕ್ಷನ್, ತಂಬಾಕಿನ ನೀರು, ಸ್ವಲ್ಪ ಹೊಗೆ ಸಾಕು. ವಾರದೊಳಗೆ ಅಜ್ಜನ ಕಾಲದ ಹಳದಿ ಬರುತ್ತದೆ. ಬಿಸಿಲಿಗಿಟ್ಟು ನೀರು ತಾಗಿಸಿದರೆ ಬಿರುಕೂ ಬರುತ್ತದೆ. ಬರಿಗಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ವಯಸ್ಸು ನಿಜವಾಗಿ ತಿಳಿಯಬೇಕಾದರೆ ಕಾರ್ಬನ್ ಪರೀಕ್ಷೆ ಮಾಡಿಸಬೇಕು. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಒಂದು ಬಗೆಯ ಕಾರ್ಬನ್ ಜಾಸ್ತಿಯಾಯಿತು. ಆಮೇಲೆ ಬೆಳೆದ ದಂತದಲ್ಲಿ ಅದರ ಗುರುತು ಉಳಿದಿರುತ್ತದೆ. ಒಂದು ಪಿಯಾನೋ ಕೀಗೆ ಇದನ್ನೆಲ್ಲ ಯಾರು ಮಾಡಿಸುತ್ತಾರೆ ಹೇಳಿ? ಹಾಗಾಗಿ ಹಳೇ ದಂತಕ್ಕೆ ಮಾರುಕಟ್ಟೆ ತೆರೆದಿಟ್ಟರೆ ಹೊಸ ದಂತ ಅದರ ಜೊತೆಯಲ್ಲೇ ನುಸುಳುತ್ತದೆ. ನಮ್ಮ ಆನೆಗಳಲ್ಲಿ ದಂತ ಇರುವುದು ಗಂಡಿಗೆ ಮಾತ್ರ. ಬೇಟೆಗಾರರು ದಂತದ ಗಂಡುಗಳನ್ನೇ ಆರಿಸಿ ಕೊಂದಾಗ ಹಿಂಡಿನಲ್ಲಿ ಗಂಡು-ಹೆಣ್ಣಿನ ಲೆಕ್ಕವೇ ತಪ್ಪಿಹೋಗುತ್ತದೆ. ವೀರಪ್ಪನ್ ಕಾಲದಲ್ಲಿ ನಮ್ಮ ದಕ್ಷಿಣದ ಕಾಡುಗಳು ಇದನ್ನು ಅನುಭವಿಸಿವೆ. 2023ರ ಗಣತಿಯಲ್ಲಿ ಕರ್ನಾಟಕಕ್ಕೆ 6,395 ಆನೆಗಳ ಅಂದಾಜು ಸಿಕ್ಕಿತು, ದೇಶದಲ್ಲೇ ಜಾಸ್ತಿ. ನೀವು ಕಬಿನಿ ಹಿನ್ನೀರಿನಲ್ಲಿ ಕ್ಯಾಮೆರಾ ಹಿಡಿದು ಕಾಯುವುದು ಇವುಗಳಿಗಾಗಿಯೇ ಅಲ್ವಾ?

ಮ್ಯಾಮತ್ ವಿಷಯಕ್ಕೆ ಬರೋಣ. ಇಲ್ಲಿ ತುಂಬಾ ಜನ ಎಡವುತ್ತಾರೆ. ಮ್ಯಾಮತ್ ಸಾವಿರಾರು ವರ್ಷದ ಹಿಂದೆಯೇ ಅಳಿದ ಪ್ರಾಣಿ. ಸೈಬೀರಿಯಾದ ಮಂಜಿನೊಳಗಿಂದ ಅದರ ದಂತ ಅಗೆದು ತೆಗೆಯುತ್ತಾರೆ. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಅದು ಇಲ್ಲ. ಹಲವು ದೇಶಗಳಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಈಗಿನ ಸ್ಕ್ರಿಮ್ಶಾ ಕಲಾವಿದರಲ್ಲಿ ಬಹಳ ಮಂದಿ ಅದನ್ನೇ ಬಳಸುತ್ತಾರೆ. ನಮ್ಮಲ್ಲಿಯ ವ್ಯಾಪಾರಿಗಳೂ ಇದೇ ವಾದ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅಳಿದುಹೋದ ಪ್ರಾಣಿಗೆ ಸಂರಕ್ಷಣೆ ಯಾಕೆ ಎಂದು ಕೇಳಿದ್ದರು. 2003ರಲ್ಲೇ ತೀರ್ಪು ಬಂತು. ಕಾಯ್ದೆಯಲ್ಲಿ ದಂತ ಎಂದರೆ ಎಲ್ಲ ದಂತವೂ ಸೇರಿತು, ಮ್ಯಾಮತ್ ದಂತವೂ ಹೊರತಲ್ಲ ಎಂದಿತು ಕೋರ್ಟು. ಮ್ಯಾಮತ್ ಹೆಸರಿನಲ್ಲಿ ಆನೆ ದಂತ ಒಳಗೆ ಬರುತ್ತದೆ ಎಂಬ ಆತಂಕ ಅದರ ಹಿಂದಿತ್ತು. ಬೇರೆ ದೇಶದ ವೀಡಿಯೊ ನೋಡಿ ‘ಮ್ಯಾಮತ್ ಲೀಗಲ್’ ಎಂದು ನಂಬಿದವರಿಗೆ ಈ ತೀರ್ಪು ಗೊತ್ತಿರುವುದಿಲ್ಲ.

ಎರಡಕ್ಕೂ ವ್ಯತ್ಯಾಸ ಕಂಡುಹಿಡಿಯುವ ಒಂದು ದಾರಿ ಇದೆ, ನನಗೆ ಬಹಳ ಇಷ್ಟದ್ದು. ದಂತವನ್ನು ಅಡ್ಡಕ್ಕೆ ಕತ್ತರಿಸಿದ ಮುಖದಲ್ಲಿ ಒಂದನ್ನೊಂದು ದಾಟುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ. ಶ್ರೇಗರ್ ಗೆರೆಗಳು ಎನ್ನುತ್ತಾರೆ. ಹೊರ ಅಂಚಿನ ಹತ್ತಿರ ಆ ಗೆರೆಗಳ ನಡುವಿನ ಕೋನ ಅಳೆಯಬೇಕು. ಈಗಿನ ಆನೆಯಲ್ಲಿ ಸಾಮಾನ್ಯವಾಗಿ 115 ಡಿಗ್ರಿ ಮೀರುತ್ತದೆ, ಮ್ಯಾಮತ್‌ನಲ್ಲಿ 90ರೊಳಗೆ ಇರುತ್ತದೆ. ಆದರೆ ಪಿಯಾನೋ ಕೀಗೆ ದಂತವನ್ನು ಉದ್ದಕ್ಕೆ, ತೆಳುವಾಗಿ ಸೀಳಿರುತ್ತಾರೆ. ಅದರಲ್ಲಿ ಈ ಜಾಲ ಕಾಣುವುದಿಲ್ಲ, ನೀರಿನ ಅಲೆಯಂಥ ಗೆರೆ ಮಾತ್ರ ಕಾಣುತ್ತದೆ. ಆ ಅಳತೆ ಅಲ್ಲಿ ಉಪಯೋಗಕ್ಕೆ ಬಾರದು.

ಇನ್ನೊಂದು ಸಾಧ್ಯತೆಯೂ ಇದೆ. ನೀವು ನೋಡಿದ್ದು ದಂತವೇ ಅಲ್ಲದಿರಬಹುದು. ಒಬ್ಬರು ವಿದೇಶದಿಂದ ತಂದ ಎರಡು ‘ತಿಮಿಂಗಿಲದ ಹಲ್ಲು’ ತೋರಿಸಲು ನನ್ನ ಬಳಿಗೆ ಬಂದಿದ್ದರು. ಎರಡರ ಮೇಲೂ ಹಡಗಿನ ಚಿತ್ರ, ಚಿತ್ರ ಬೇರೆ ಬೇರೆ. ಬುಡದಲ್ಲಿದ್ದ ಬಿರುಕು ಮಾತ್ರ ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಉದ್ದ, ತುದಿಯಲ್ಲಿ ಅದೇ ಕೊಕ್ಕೆ. ಲೂಪ್ ಎಂಬ ಸಣ್ಣ ಭೂತಗನ್ನಡಿ ಹಿಡಿದು ನೋಡಿದರೆ ಬಿರುಕಿನ ಒಳಗೂ ಹೊಳಪು, ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆ. ರೆಸಿನ್ ಸುರಿದು ಅಚ್ಚು ತೆಗೆದ ಮಾಲು. ಅವರಿಗೆ ದುಡ್ಡು ಹೋದ ಬೇಸರ. ಅಸಲಿಯಾಗಿದ್ದರೆ ಬೇಸರ ಇನ್ನೂ ದೊಡ್ಡದಿರುತ್ತಿತ್ತು. ಸ್ಪರ್ಮ್ ತಿಮಿಂಗಿಲವೂ ನಮ್ಮ ಒಂದನೇ ಪಟ್ಟಿಯಲ್ಲೇ ಇದೆ. ಬೆಂಗಳೂರಿನಲ್ಲಿ ‘ತಿಮಿಂಗಿಲದ ವಾಂತಿ’ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ನೋಡಿರುತ್ತೀರಿ. ಕಾನೂನು ಅದೇ.

ಅಂದಹಾಗೆ, ಸೂಜಿ ಕಾಯಿಸಿ ಚುಚ್ಚಿ ನೋಡುವ ಪರೀಕ್ಷೆಯನ್ನು ಯಾರಾದರೂ ಹೇಳಿಕೊಟ್ಟರೆ ಮಾಡಬೇಡಿ. ದಂತವಾದರೆ ಸುಟ್ಟ ಕಲೆ ಉಳಿಯುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ.

ಈಗ ದೊಡ್ಡಪ್ಪನ ಬೀರು. ಮೂರರಲ್ಲಿ ತುರ್ತಾಗಿ ಗಮನ ಕೊಡಬೇಕಾದ್ದು ಇದೇ. ನೀವು ಇದನ್ನು ಕೊನೆಗೆ, ಒಂದು ಮಾತಿನಲ್ಲಿ ಬರೆದಿದ್ದೀರಿ. ಪಿಯಾನೋ ಕೀ ಇನ್ನೂ ಅಮೆರಿಕದಲ್ಲಿದೆ. ಆ ದಂತದ ತುದಿ ನಿಮ್ಮ ಮನೆಯಲ್ಲೇ ಇದೆ.

ನೋಡಬೇಕಾದ ಮೊದಲ ವಿಷಯ, ದೊಡ್ಡಪ್ಪ ಅದನ್ನು ಅರಣ್ಯ ಇಲಾಖೆಗೆ ಘೋಷಿಸಿದ್ದರಾ? 1972ರ ಕಾಯ್ದೆ ಬಂದಾಗ ಇಂಥ ವಸ್ತು ಇದ್ದವರು ಘೋಷಿಸಬೇಕಿತ್ತು. ಬಿಟ್ಟುಹೋದವರಿಗೆ 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಇನ್ನೊಂದು ಅವಕಾಶ ಕೊಟ್ಟಿತ್ತು. ಘೋಷಿಸಿದವರಿಗೆ ತಪಾಸಣೆಯ ನಂತರ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಮಾಲೀಕತ್ವ ಪ್ರಮಾಣಪತ್ರ ಸಿಗುತ್ತಿತ್ತು. ದೊಡ್ಡಪ್ಪನ ಮನೆಪತ್ರ, ಬ್ಯಾಂಕಿನ ಕಾಗದ, ಹಳೇ ಎಲ್‌ಐಸಿ ಫೈಲು ಎಲ್ಲ ಹುಡುಕಿ. ಆ ತಲೆಮಾರಿನವರು ಇಂಥ ಕಾಗದವನ್ನು ಎಲ್ಲೋ ಮಡಚಿ ಇಟ್ಟಿರುತ್ತಾರೆ. ಆ ಕಾಗದ ಸಿಕ್ಕರೂ ಅದು ನಿಮ್ಮ ಹೆಸರಿಗೆ ತಾನಾಗಿ ಬರುವುದಿಲ್ಲ. ಪಿತ್ರಾರ್ಜಿತವಾಗಿ ಬಂದ ವಸ್ತುವನ್ನು 90 ದಿನದೊಳಗೆ ಘೋಷಿಸಬೇಕು ಎನ್ನುತ್ತದೆ ಕಾಯ್ದೆ. ಹೋದ ವರ್ಷ ತೀರಿಕೊಂಡರು ಎಂದಿದ್ದೀರಿ, ಗಡುವು ದಾಟಿದೆ.

ಕಾಗದ ಸಿಕ್ಕರೆ ದಾರಿ ಸ್ವಲ್ಪ ಸಲೀಸು. ವಕೀಲರ ಮೂಲಕ ತಡವಾದದ್ದಕ್ಕೆ ಕಾರಣ ಬರೆದು, ಮರಣ ಪ್ರಮಾಣಪತ್ರ, ವಾರಸುದಾರಿಕೆ ಪತ್ರದ ಜೊತೆ ಅರ್ಜಿ ಹಾಕಬಹುದು. ಮಲ್ಲೇಶ್ವರದ ಅರಣ್ಯ ಭವನದಲ್ಲಿ ವಿಚಾರಿಸಬೇಕು. ತಡವಾದದ್ದನ್ನು ಅವರು ಒಪ್ಪಲೇಬೇಕು ಎಂದೇನಿಲ್ಲ. ಒಪ್ಪಿದರೂ ಅದನ್ನು ನೀವು ಎಂದೂ ಮಾರುವಂತಿಲ್ಲ, ಇಟ್ಟುಕೊಳ್ಳಬಹುದು ಅಷ್ಟೇ. ಕಾಗದ ಸಿಗದಿದ್ದರೆ ವಿಷಯ ಗಂಭೀರ. ಕಾಗದ ಇಲ್ಲದ ದಂತ ಮನೆಯಲ್ಲಿರುವುದೇ ಅಪರಾಧ ಆಗಬಹುದು. ಕಾನೂನುಬದ್ಧವಾಗಿ ಬಂದದ್ದು ಎಂದು ತೋರಿಸುವ ಹೊಣೆಯೂ ನಿಮ್ಮ ಮೇಲೆಯೇ ಬೀಳುತ್ತದೆ. ಇಂಥ ಸ್ಥಿತಿಯಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ. ವನ್ಯಜೀವಿ ಕೇಸು ನೋಡಿರುವ ವಕೀಲರ ಹತ್ತಿರ ಮೊದಲು ಹೋಗಿ. ಅವರನ್ನು ಜೊತೆಗಿಟ್ಟುಕೊಂಡು ಇಲಾಖೆಗೆ ಲಿಖಿತವಾಗಿ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ಪರಿಹಾರ ಅಂತ ಒಂದು ರೂಪಾಯಿಯೂ ಬರುವುದಿಲ್ಲ. ತಾವಾಗಿ ಹೋದವರಿಗೂ ಪ್ರಶ್ನೆ ಕೇಳಬಹುದು, ಆ ಅಪಾಯ ಇದ್ದೇ ಇದೆ. ಆದರೂ ಮನೆ ಶಿಫ್ಟ್ ಮಾಡುವಾಗ ಪ್ಯಾಕರ್ಸ್ ಹುಡುಗ ಫೋಟೋ ತೆಗೆದು ಹಾಕುವುದಕ್ಕಿಂತ ಇದು ಎಷ್ಟೋ ವಾಸಿ. ‘ಹಳೇ ವಸ್ತು ಒಪ್ಪಿಸಲು ಸರ್ಕಾರದ ಅವಕಾಶ’ ಎಂಬ ಸುದ್ದಿ ಆಗಾಗ ಬರುತ್ತದೆ. ಅದು ಇವತ್ತು ಜಾರಿಯಲ್ಲಿದೆಯಾ ಎಂದು ವಕೀಲರಿಂದ ತಿಳಿದುಕೊಳ್ಳದೆ ಹೆಜ್ಜೆ ಇಡಬೇಡಿ.

ಇದೆಲ್ಲ ದೊಡ್ಡವರ ಮನೆಯ ವಿಷಯ, ನಮ್ಮನ್ನು ಯಾರು ಕೇಳುತ್ತಾರೆ ಎನ್ನುವವರಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಟಿವಿ ರಿಯಾಲಿಟಿ ಶೋನ ಸ್ಪರ್ಧಿಯೊಬ್ಬರ ಕೊರಳಲ್ಲಿದ್ದ ಹುಲಿ ಉಗುರಿನ ಪೆಂಡೆಂಟ್ ಎಷ್ಟು ದೂರ ಹೋಯಿತು ಎಂದು ಇಡೀ ಕರ್ನಾಟಕ ನೋಡಿದೆ. ಹಿರಿಯರ ಕಾಲದ್ದು ಎಂಬ ಮಾತು ಆಗಲೂ ಎಷ್ಟೋ ಮನೆಗಳಿಂದ ಕೇಳಿಬಂತು.

ಹಾಗಾಗಿ ಆ ತುದಿಯ ಮೇಲೆ ಆನೆ ಬಿಡಿಸುವ ಯೋಚನೆ ಪೂರ್ತಿ ಬಿಡಿ. ಒಂದು, ದುಡ್ಡು ತೆಗೆದುಕೊಂಡು ಕೆತ್ತುವ ಕಲಾವಿದರೂ ನಿಮ್ಮ ಜೊತೆ ಕೇಸಿಗೆ ಸಿಕ್ಕಿಕೊಳ್ಳುತ್ತಾರೆ. ಎರಡು, ಪ್ರಮಾಣಪತ್ರ ಇದ್ದರೂ ಅದರಲ್ಲಿ ಬರೆದ ವಸ್ತುವಿಗೂ ನಿಮ್ಮ ಕೈಯಲ್ಲಿರುವುದಕ್ಕೂ ಹೊಂದಿಕೆ ತಪ್ಪುತ್ತದೆ. ಮೂರನೆಯದು ನನ್ನ ಕಸುಬಿನ ಮಾತು. ಹಳೇ ದಂತದ ಮೇಲ್ಮೈಯಲ್ಲಿ ಕೈ ತಾಗಿ ತಾಗಿ ಬಂದ ಜೇನು ಬಣ್ಣದ ಪದರ ಇರುತ್ತದೆ. ಸೂಜಿ ಅದನ್ನು ಸೀಳಿದ ಕಡೆ ಒಳಗಿನ ಬಿಳಿ ಹೊರಗೆ ಬರುತ್ತದೆ. ಅದನ್ನು ಮತ್ತೆ ಮುಚ್ಚಲು ಯಾರಿಂದಲೂ ಆಗುವುದಿಲ್ಲ. ಇಲಾಖೆಗೆ ಹೋಗುವ ತನಕ ಅದನ್ನು ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ, ಬೇರೆ ಮನೆಗೆ ಸಾಗಿಸಬೇಡಿ, ವಾಟ್ಸಾಪ್‌ನಲ್ಲಿ ಫೋಟೋ ಹಂಚಬೇಡಿ.

ಹಾಗಾದರೆ ಹುಲಿಯ ಆಸೆ ಏನು ಮಾಡುವುದು? ನಿಮ್ಮ ಪತ್ರ ಓದಿದರೆ ನಿಮಗೆ ಹಿಡಿಸಿದ್ದು ಆ ಮೀಸೆಯ ಕೂದಲು, ದಂತ ಅಲ್ಲ. ಆ ಗೀರಿನ ಕೆಲಸ ದಂತಕ್ಕೇ ಅಂಟಿಕೊಂಡದ್ದೇನಲ್ಲ. ದಕ್ಷಿಣ ಅಮೆರಿಕದ ಟಾಗುವಾ ಎಂಬ ತಾಳೆ ಜಾತಿಯ ಗಿಡದ ಬೀಜ ಒಣಗಿದರೆ ದಂತದಷ್ಟೇ ಬಿಳಿ, ದಂತದಷ್ಟೇ ಗಟ್ಟಿ. ಕೋಳಿಮೊಟ್ಟೆ ಗಾತ್ರ ಇರುತ್ತದೆ. ಒಳಗೆ ಸಣ್ಣ ಟೊಳ್ಳು ಇರುವುದರಿಂದ ದೊಡ್ಡ ಚಿತ್ರ ಕೂರುವುದಿಲ್ಲ, ಹುಲಿಯ ಒಂದು ಕಣ್ಣಿಗೆ ಧಾರಾಳ. ಎಮ್ಮೆ ಮೂಳೆ, ಒಂಟೆ ಮೂಳೆ ನಮ್ಮಲ್ಲೇ ಸಿಗುತ್ತವೆ. ದಂತ ನಿಂತ ಮೇಲೆ ಉತ್ತರ ಭಾರತದ ಕೆತ್ತನೆಗಾರರು ಹಿಡಿದದ್ದು ಅವನ್ನೇ. ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಜಿಡ್ಡು ಪೂರ್ತಿ ತೆಗೆದು, ನುಣುಪಾಗಿ ಉಜ್ಜಿ, ಮೇಣ ಕುಡಿಸಿದ ಮೇಲೆಯೇ ಗೀರಬೇಕು. ಇಲ್ಲದಿದ್ದರೆ ಶಾಯಿ ಹರಡಿ ಮೀಸೆ ಗಡ್ಡವಾಗುತ್ತದೆ. ಜಿಂಕೆ ಕೊಂಬು, ಕಡವೆ ಕೊಂಬು ಮಾತ್ರ ಮುಟ್ಟಬೇಡಿ. ವಿದೇಶದಲ್ಲಿ ಚಾಕುವಿನ ಹಿಡಿಗೆ ಅದನ್ನು ಬಳಸುವುದನ್ನು ನೋಡಿ ಇಲ್ಲಿ ಹುಡುಕುವವರಿದ್ದಾರೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಎತ್ತಿ ತಂದರೂ ನಮ್ಮಲ್ಲಿ ಅಪರಾಧ.

ನನ್ನ ಆಯ್ಕೆ ಕೇಳಿದರೆ, ಜನವರಿಯ ಚಿತ್ರಸಂತೆಗೆ ಹೋಗಿ. ಕುಮಾರಕೃಪಾ ರಸ್ತೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಶಾಯಿಯಲ್ಲಿ ಪ್ರಾಣಿ ಬಿಡಿಸುವ ಹುಡುಗರು ಸಿಗುತ್ತಾರೆ. ಸ್ಕ್ರಿಮ್ಶಾಗೆ ಬೇಕಾದ ಕೈ ಅದೇ. ಒಬ್ಬರನ್ನು ಹಿಡಿದು, ಒಂದು ಮೂಳೆಯ ತುಂಡು, ಒಂದು ಲೂಪ್, ಸೂಜಿ ಕೊಟ್ಟು ಮಾಡಿಸಿ ನೋಡಿ. ಮೊದಲ ಎರಡು-ಮೂರು ಹಾಳಾಗುತ್ತವೆ, ಆ ಖರ್ಚು ನಿಮ್ಮದೇ ಇರಲಿ. ಹಳೇ ದಂತದ ಕೆಲಸವನ್ನೇ ಕಣ್ತುಂಬ ನೋಡಬೇಕೆಂದರೆ ಮೈಸೂರು ಅರಮನೆಯ ಬೀಟೆ ಮರದ ಬಾಗಿಲುಗಳ ಮುಂದೆ ನಿಂತುಕೊಳ್ಳಿ. ದಂತವನ್ನು ಮರದೊಳಗೆ ಕೂರಿಸಿದ ರೀತಿ ನೋಡಿದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಅಮೆರಿಕದ ಕಲಾವಿದರಿಗೆ ಇವತ್ತೇ ಬರೆದುಬಿಡಿ. ಭಾರತಕ್ಕೆ ದಂತ ತರುವಂತಿಲ್ಲ, ಅದೇ ಹುಲಿಯನ್ನು ಟಾಗುವಾ ಮೇಲೆ ಬಿಡಿಸಿಕೊಡುತ್ತೀರಾ ಎಂದು ಕೇಳಿ. ಒಪ್ಪಿದರೆ ಬಿಲ್ಲಿನಲ್ಲಿ ವಸ್ತುವಿನ ಹೆಸರು ಸ್ಪಷ್ಟವಾಗಿ ‘ಟಾಗುವಾ ಬೀಜ’ ಎಂದು ಬರೆಸಿ. ಸಸ್ಯದ ವಸ್ತುವಾದ್ದರಿಂದ ತರಿಸುವ ನಿಯಮ ಏನು ಎಂದು ಕೊರಿಯರ್‌ನವರ ಹತ್ತಿರ ಮೊದಲೇ ಕೇಳಿಕೊಳ್ಳಿ. ಬಾವನ ಸೂಟ್‌ಕೇಸ್ ಬೇಡ, ಕಾಗದದ ಜೊತೆ ಕೊರಿಯರ್‌ನಲ್ಲೇ ಬರಲಿ.